ಗುರುತು ಬಾಗಿಲಿಗಿರಲಿ, ಮನುಷ್ಯನಿಗೆ ಬೇಡ

ಹೋಟೆಲು ಮತ್ತು ಗಿರಣಿ ಕೆಲಸಗಾರರಲ್ಲಿ ಆರೋಗ್ಯದ ತಿಳಿವಳಿಕೆ ಹಬ್ಬಿಸಬೇಕು, ಮುಖ್ಯವಾಗಿ ಕ್ಷಯರೋಗದ ಬಗೆಗೆ ಪ್ರಚಾರ ನಡೆಸಬೇಕು, ಅದಕ್ಕಾಗಿ ಎಲ್ಲರ ಕಣ್ಣಿಗೂ ಬೀಳುವ ಸರಳವಾದ ಒಂದು ಗುರುತನ್ನು ಮಾಡಿಸಬೇಕು ಎಂಬ ಸಲಹೆ ನಮ್ಮ ಸದಸ್ಯರಲ್ಲಿ ಕೆಲವರಿಂದ ಬಂದಿದೆ. ಸಲಹೆ ಒಳ್ಳೆಯದೇ. ಆದರೆ ಗುರುತು ಎಂದೊಡನೆ ಒಬ್ಬ ಚಿತ್ರಕಾರನನ್ನು ಹುಡುಕಿ, ನಾಲ್ಕು ಬಣ್ಣದ ಭಿತ್ತಿಪತ್ರ ಅಚ್ಚು ಹಾಕಿಸಿ, ಒಂದು ಸಭೆ ಕೂಡಿಸಿ, ಹಾರ ಹಾಕಿಸಿ, ಅಲ್ಲಿಗೆ ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮ ಸಂಘಸಂಸ್ಥೆಗಳಲ್ಲಿ ಇಲ್ಲದಿಲ್ಲ. ಅದರಿಂದ ಗೋಡೆಗೆ ಅಲಂಕಾರವಾದೀತು; ಕೆಮ್ಮುವವನ ಎದೆಗೆ ಏನೂ ಆಗದು. ಆದಕಾರಣ ಕುಂಚ ಕೈಗೆತ್ತಿಕೊಳ್ಳುವ ಮುನ್ನ, ನಮ್ಮ ದೇಶದಲ್ಲಿಯೇ ಇಂತಹ ಒಂದು ಗುರುತು ಹೇಗೆ ಹುಟ್ಟಿತು, ಹೇಗೆ ಮೆರೆಯಿತು, ಕೊನೆಗೆ ಹೇಗೆ ಹೆಸರು ಕೆಡಿಸಿಕೊಂಡಿತು ಎಂಬುದನ್ನು ನೋಡಿಕೊಳ್ಳುವುದು ಮೇಲು.

ಆ ಗುರುತು ಕೆಂಪು ತ್ರಿಕೋನ. ನಮ್ಮಲ್ಲಿ ವಯಸ್ಸಾದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆಯ ಗೋಡೆ, ಬಸ್ಸಿನ ಬೆನ್ನು, ಬೆಂಕಿಪೆಟ್ಟಿಗೆ, ಊರ ಹೊರಗಿನ ಸೇತುವೆ, ಎಲ್ಲೆಂದರಲ್ಲಿ ತುದಿ ಕೆಳಗಾದ ಮೂರು ಮೂಲೆಯ ಕೆಂಪು ಗುರುತು ಕಾಣುತ್ತಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ಕೇಂದ್ರ ಸರಕಾರದ ಕುಟುಂಬ ಯೋಜನಾ ಇಲಾಖೆಯಲ್ಲಿ ಪ್ರಚಾರದ ಹೊಣೆ ಹೊತ್ತಿದ್ದ ಡಿ. ಕೆ. ತ್ಯಾಗಿ ಎಂಬ ಅಧಿಕಾರಿ ಇದಕ್ಕೆ ಮುಖ್ಯ ಕಾರಣಪುರುಷರು. ಫೋರ್ಡ್ ಪ್ರತಿಷ್ಠಾನದ ಫ್ರಾಂಕ್ ವೈಲ್ಡರ್ ಅವರ ಜೊತೆಗಾರರು. ಜನನ ನಿಯಂತ್ರಣದ ಮಾತು ನಮಗೆ ಹೊಸದಾಗಿರಲಿಲ್ಲ. 1930ರಲ್ಲಿಯೇ ನಮ್ಮ ಮೈಸೂರು ಸಂಸ್ಥಾನದ ಸರಕಾರ ಜನನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೇ ಮೊದಲಿಗನೆನಿಸಿಕೊಂಡಿತ್ತು. ಆದರೆ ಮೈಸೂರು, ಬೆಂಗಳೂರುಗಳ ಚಿಕಿತ್ಸಾಲಯಕ್ಕೆ ಓದುಬರಹ ಬಲ್ಲವರು ಬಂದಾರು. ಐದೂವರೆ ಲಕ್ಷ ಹಳ್ಳಿಗಳಿಗೆ, ಹತ್ತಾರು ಭಾಷೆಗಳ ಜನರಿಗೆ ಆ ಸುದ್ದಿ ಮುಟ್ಟಿಸುವುದು ಹೇಗೆ? ಒಂದೊಂದು ಕಚೇರಿ ಒಂದೊಂದು ಚಿತ್ರ, ಒಂದೊಂದು ಘೋಷಣೆ ಹಿಡಿದು ಹೊರಟರೆ ಜನಕ್ಕೆ ಯಾವುದೂ ನೆನಪಿನಲ್ಲಿ ನಿಲ್ಲದು. ಆಗ ತ್ಯಾಗಿಯವರು ಹಿಡಿದ ದಾರಿ ಬಹಳ ಸರಳ: ಇಡೀ ದೇಶಕ್ಕೆ ಒಂದೇ ಗುರುತು, ಒಂದೇ ಮಾತು. ಗುರುತು ಕೆಂಪು ತ್ರಿಕೋನ. ಮಾತು ‘ಎರಡು ಅಥವಾ ಮೂರು ಮಕ್ಕಳು ಸಾಕು’. ಜೊತೆಗೆ ನಗುವ ನಾಲ್ಕು ಮುಖಗಳು: ತಾಯಿ, ತಂದೆ, ಮಗ, ಮಗಳು.

ಈ ಗುರುತಿನಲ್ಲಿ ಏನು ಜಾಣತನವಿತ್ತೆಂಬುದನ್ನು ನಾವು ಗಮನಿಸಬೇಕು. ಮೊದಲನೆಯದು, ಅದನ್ನು ಬರೆಯುವುದಕ್ಕೆ ಚಿತ್ರಕಾರ ಬೇಡ. ಇಟ್ಟಿಗೆ ಚೂರು ಇದ್ದರೆ ಸಾಕು, ಶಾಲೆಯ ಹುಡುಗನೂ ಮೂರು ಗೆರೆ ಎಳೆದು ತುಂಬಬಲ್ಲ. ಎರಡನೆಯದು, ಓದು ಬಾರದವನೂ ಅದನ್ನು ಗುರುತಿಸಬಲ್ಲ, ಇನ್ನೊಬ್ಬನಿಗೆ ಬಾಯಲ್ಲಿ ಹೇಳಬಲ್ಲ. ‘ಕೆಂಪು ತ್ರಿಕೋನ ಇರುವ ಕಟ್ಟಡಕ್ಕೆ ಹೋಗು’ ಎಂದರೆ ಮುಗಿಯಿತು. ಮೂರನೆಯದು, ಅದು ಯಾವ ಮತದ ಬಾವುಟವೂ ಆಗಿರಲಿಲ್ಲ. ಶ್ರೀಚಕ್ರ ಬಲ್ಲವರು ಕೆಳಮುಖದ ತ್ರಿಕೋನದಲ್ಲಿ ಶಕ್ತಿಯ ಗುರುತನ್ನು ಕಂಡಾರು. ಬೀದಿಯಲ್ಲಿ ನಡೆಯುವ ಸಾಮಾನ್ಯನಿಗೆ ಅದು ನಾಮವೂ ಅಲ್ಲ, ವಿಭೂತಿಯೂ ಅಲ್ಲ, ಅರ್ಧಚಂದ್ರವೂ ಅಲ್ಲ, ಶಿಲುಬೆಯೂ ಅಲ್ಲ. ನಾಲ್ಕನೆಯದೇ ಮುಖ್ಯವಾದದ್ದು: ಅದು ಉಪದೇಶದ ಚಿತ್ರವಾಗಿರಲಿಲ್ಲ, ಸ್ಥಳ ತೋರಿಸುವ ಹಲಗೆಯಾಗಿತ್ತು. ‘ಇಲ್ಲಿ ಸಿಗುತ್ತದೆ’ ಎಂದು ಅದು ಹೇಳುತ್ತಿತ್ತು.

ಸಿಗುವಂತೆ ಮಾಡಿದ ಕತೆಯಲ್ಲಿ ಕೇರಳದ ಎರಡು ಪಟ್ಟಣಗಳ ಪಾಲು ದೊಡ್ಡದು.

ತಿರುವನಂತಪುರದ ಪೇರೂರ್ಕಡದಲ್ಲಿ ಹಿಂದೂಸ್ತಾನ್ ಲೇಟೆಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಸರಕಾರಿ ಕಾರ್ಖಾನೆ ಇದೆ. ಕಂಪನಿ ಹುಟ್ಟಿದ್ದು 1966ರಲ್ಲಿ. ಜಪಾನಿನ ಒಕಾಮೊಟೊ ಕಂಪನಿಯ ನೆರವಿನಿಂದ 1969ರ ಏಪ್ರಿಲಿನಲ್ಲಿ ಉತ್ಪಾದನೆ ಪ್ರಾರಂಭವಾಯಿತು. ರಬ್ಬರು ಬೆಳೆಯುವ ಸೀಮೆಯಲ್ಲಿ ರಬ್ಬರಿನ ಕಾರ್ಖಾನೆ ನಿಂತದ್ದು ಸಹಜವೇ. ಅಲ್ಲಿ ತಯಾರಾದದ್ದು ‘ನಿರೋಧ್’. ಆ ಹೆಸರಿಗೂ ಒಂದು ಕತೆಯುಂಟು. ಮೊದಲು ಮನ್ಮಥನ ನೆನಪಿನಲ್ಲಿ ‘ಕಾಮರಾಜ್’ ಎಂಬ ಹೆಸರು ಸೂಚಿತವಾಗಿತ್ತೆಂದೂ, ಆಗ ಕಾಂಗ್ರೆಸ್ಸಿನ ಅಧ್ಯಕ್ಷರ ಹೆಸರೇ ಅದಾಗಿದ್ದುದರಿಂದ ಕೈಬಿಟ್ಟರೆಂದೂ ಹೇಳುತ್ತಾರೆ. ನಗೆ ಬರುವ ಸಂಗತಿಯಾದರೂ ಪಾಠ ಸಣ್ಣದಲ್ಲ: ಹೆಸರಾಗಲಿ ಗುರುತಾಗಲಿ, ಅದಕ್ಕೆ ಜನರ ಮನಸ್ಸಿನಲ್ಲಿ ಮೊದಲೇ ಬೇರೆ ಅರ್ಥವಿದೆಯೇ ಎಂದು ವಿಚಾರಿಸದೆ ಹೊರಡಬಾರದು. 1968ರಲ್ಲಿ ನಿರೋಧ್ ಮಾರಾಟಕ್ಕೆ ಬಂದಾಗ ಮೂರಕ್ಕೆ 15 ಪೈಸೆ ಬೆಲೆ. ಅದನ್ನು ಆಸ್ಪತ್ರೆಯಲ್ಲಿ ಮಾತ್ರ ಇಟ್ಟು ಕೂರಲಿಲ್ಲ. ಚಹಾ, ಸಾಬೂನು, ಸಿಗರೇಟು, ಬ್ಯಾಟರಿ ಮಾರುವ ದೊಡ್ಡ ಕಂಪನಿಗಳ ಕೈಯಿಂದ ಪಾನ್ ಅಂಗಡಿಯವರೆಗೆ ಮುಟ್ಟಿಸಿದರು. ಪೊಟ್ಟಣದ ಮೇಲೆ ಅದೇ ಕೆಂಪು ತ್ರಿಕೋನ. ಗೋಡೆಯ ಮೇಲೆ ಕಂಡ ಗುರುತು ಅಂಗಡಿಯಲ್ಲಿ 15 ಪೈಸೆಗೆ ಕೈಗೆ ಬಂತು. ಮುಂದೆ 1985ರಲ್ಲಿ ಇದೇ ಕಂಪನಿ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿಯೂ ಕಾರ್ಖಾನೆ ತೆರೆಯಿತು. ನಮ್ಮವರೂ ಅಲ್ಲಿ ದುಡಿದರು.

ಇನ್ನು ಕೊಚ್ಚಿಯ ಕತೆ. 1970ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ ಎರ್ನಾಕುಳಂ ಜಿಲ್ಲೆಯ ಕಲೆಕ್ಟರರಾಗಿದ್ದ ಎಸ್. ಕೃಷ್ಣಕುಮಾರರು ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರವೊಂದನ್ನು ನಡೆಸಿದರು. ಒಂದು ತಿಂಗಳಲ್ಲಿ 15,005 ಮಂದಿಗೆ ಚಿಕಿತ್ಸೆಯಾಯಿತು. 1971ರ ಜುಲೈಯಲ್ಲಿ ಎರ್ನಾಕುಳಂ ಟೌನ್ ಹಾಲಿನಲ್ಲಿ ಮತ್ತೊಂದು ಶಿಬಿರ; ಈ ಸಲ ಒಂದೇ ತಿಂಗಳಲ್ಲಿ 63,418. ಅವರಲ್ಲಿ ಐನೂರು ಚಿಲ್ಲರೆ ಹೆಂಗಸರನ್ನು ಬಿಟ್ಟರೆ ಉಳಿದವರೆಲ್ಲ ಗಂಡಸರು. ಸಭಾಭವನದೊಳಗೆ ಸಾಲಾಗಿ ಚಿಕಿತ್ಸೆಯ ಗೂಡುಗಳನ್ನು ಕಟ್ಟಿದ್ದರು. ಪಂಚಾಯತಿಗಳಿಂದ ಬಸ್ಸುಗಳಲ್ಲಿ ಜನ ಬಂದರು, ವಾದ್ಯ ಘೋಷಣೆಗಳೊಡನೆ ಮೆರವಣಿಗೆಯಲ್ಲಿ ಒಳಗೆ ನಡೆದರು. ನಾಚಿಕೆಯ ವಿಷಯವೆಂದು ಪಿಸುಮಾತಿನಲ್ಲಿ ಆಡುತ್ತಿದ್ದುದನ್ನು ಜಾತ್ರೆಯಂತೆ ಬಹಿರಂಗ ಮಾಡಿದ್ದು ಆ ಶಿಬಿರಗಳ ಹೊಸತನ. ದೇಶವಿದೇಶಗಳ ತಜ್ಞರು ಬಂದು ನೋಡಿ ಬರೆದುಕೊಂಡು ಹೋದರು.

ಆದರೆ ನಾವು ಕಾರ್ಮಿಕರು ಇದನ್ನು ಇನ್ನೊಂದು ಕಣ್ಣಿನಿಂದಲೂ ನೋಡಬೇಕಾಗುತ್ತದೆ. ಅಲ್ಲಿಗೆ ಬಂದವರಿಗೆ ನಗದು ಹಣ, ಬಟ್ಟೆ, ಅಕ್ಕಿ ಮುಂತಾದ್ದು ಸಿಗುತ್ತಿತ್ತು. ಒಟ್ಟು ಬೆಲೆ ಸುಮಾರು 100 ರೂಪಾಯಿ. ಆ ಕಾಲದ ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ತಿಂಗಳ ಸಂಪಾದನೆ. ಮಳೆಗಾಲದ ಜುಲೈ ತಿಂಗಳಲ್ಲಿ, ಕೆಲಸ ಕಡಿಮೆಯಾದ ದಿನಗಳಲ್ಲಿ, ಒಲೆ ಹೊತ್ತಿಸಲು ಅಕ್ಕಿ ಇಲ್ಲದವನು ಆ ಬಾಗಿಲನ್ನು ಮನಃಪೂರ್ವಕವಾಗಿ ಹೊಕ್ಕನೋ, ಹೊಟ್ಟೆ ತಳ್ಳಿ ಹೊಕ್ಕನೋ? ಇಬ್ಬಗೆಯವರೂ ಇದ್ದಿರಬೇಕು. ಎರ್ನಾಕುಳದಲ್ಲಿ ಬಲಾತ್ಕಾರ ನಡೆಯಿತೆಂದು ನಾನು ಹೇಳುತ್ತಿಲ್ಲ. ವೈದ್ಯರು, ವಾಹನ, ಆಮೇಲಿನ ಆರೈಕೆ ಇವುಗಳ ವ್ಯವಸ್ಥೆ ಅಲ್ಲಿ ಚೆನ್ನಾಗಿಯೇ ಇತ್ತು. ಆದರೆ ಲೆಕ್ಕವೇ ದೇವರಾದಾಗ ಮನುಷ್ಯ ಕಾಣದೆ ಹೋಗುತ್ತಾನೆ. ಒಂದು ಜಿಲ್ಲೆಯಲ್ಲಿ 63 ಸಾವಿರ ಆಯಿತೆಂದರೆ ಮತ್ತೊಂದು ಜಿಲ್ಲೆಯವರಿಗೆ ಅದಕ್ಕಿಂತ ಹೆಚ್ಚು ಮಾಡಬೇಕೆಂಬ ಚಪಲ ಹುಟ್ಟುತ್ತದೆ.

ಆ ಚಪಲ ತುರ್ತುಪರಿಸ್ಥಿತಿಯಲ್ಲಿ ಏನಾಯಿತೆಂಬುದು ಎಲ್ಲರಿಗೂ ತಿಳಿದ ವಿಷಯ. 1976-77ನೇ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳಾದವು. ಇಷ್ಟು ಜನರನ್ನು ಕರೆತರಬೇಕೆಂದು ಮಾಸ್ತರರಿಗೆ, ಗುಮಾಸ್ತರಿಗೆ ಗುರಿ ಕಟ್ಟಿದರು. ತಾರದಿದ್ದರೆ ಸಂಬಳ ತಡೆದರು. ಉತ್ತರದ ಊರುಗಳಲ್ಲಿ ಜನ ಪೊಲೀಸರ ಗಾಡಿ ಕಂಡರೆ ಹೊಲಕ್ಕೆ ಓಡಿ ಅಡಗಿದರು. ಆಮೇಲೆ ವಿಚಾರಣೆ ನಡೆಸಿದ ಷಾ ಆಯೋಗದ ವರದಿಯಲ್ಲಿ, ಚಿಕಿತ್ಸೆಗೆ ಸಂಬಂಧಿಸಿದ 1,774 ಸಾವುಗಳ ಲೆಕ್ಕವಿದೆ. ಮದುವೆಯೇ ಆಗದವರಿಗೂ ಚಿಕಿತ್ಸೆ ಮಾಡಿದ ದೂರುಗಳಿವೆ. ಆಗಲೂ ಗೋಡೆಯ ಮೇಲೆ ಇದ್ದದ್ದು ಅದೇ ಕೆಂಪು ತ್ರಿಕೋನ. ಗೆರೆ ಬದಲಾಗಿರಲಿಲ್ಲ, ಬಣ್ಣ ಬದಲಾಗಿರಲಿಲ್ಲ. ‘ಇಲ್ಲಿ ಸಿಗುತ್ತದೆ’ ಎಂದು ಹೇಳುತ್ತಿದ್ದ ಗುರುತು ‘ಇಲ್ಲಿ ಹಿಡಿಯುತ್ತಾರೆ’ ಎಂದು ಹೇಳತೊಡಗಿತು. 1977ರಲ್ಲಿ ಸರಕಾರ ಉರುಳಿತು. ಹೊಸ ಸರಕಾರ ‘ಕುಟುಂಬ ಯೋಜನೆ’ ಎಂಬ ಹೆಸರನ್ನೇ ಬಿಟ್ಟು ‘ಕುಟುಂಬ ಕಲ್ಯಾಣ’ ಎಂದು ಕರೆಯಿತು.

ಹೆಸರು ಬದಲಾಯಿತು, ಆದರೆ ಮುರಿದ ನಂಬಿಕೆ ಅಷ್ಟು ಸುಲಭದಲ್ಲಿ ಕೂಡಿಕೊಳ್ಳಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ವಿವಾಹಿತ ದಂಪತಿಗಳಲ್ಲಿ ಹೆಂಗಸರ ಸಂತಾನಹರಣ ಚಿಕಿತ್ಸೆಯನ್ನು ಅವಲಂಬಿಸಿದವರು ನೂರಕ್ಕೆ 37.9, ಗಂಡಸರದು 0.3 ಮಾತ್ರ. ಗಂಡಸರ ಚಿಕಿತ್ಸೆ ಹೆಚ್ಚು ಸುಲಭ, ಅಪಾಯ ಕಡಿಮೆ; ಆದರೂ ಭಾರವೆಲ್ಲ ಮನೆಯ ಹೆಂಗಸಿನ ಮೇಲೆ. ಇದಕ್ಕೆ ಕಾರಣಗಳು ಅನೇಕವಿರಬಹುದು, ಆ ಎರಡು ವರ್ಷಗಳ ಭಯ ಅವುಗಳಲ್ಲಿ ಒಂದೆಂಬುದರಲ್ಲಿ ಸಂಶಯವಿಲ್ಲ. ಅತ್ತ ಕೇರಳವಾದರೋ, ಹೆಣ್ಣುಮಕ್ಕಳ ಶಾಲೆ, ಹತ್ತಿರದಲ್ಲಿ ಆಸ್ಪತ್ರೆ, ಬದುಕುಳಿಯುವ ಕೂಸುಗಳು ಇವುಗಳ ಬಲದಿಂದ 1980ರ ದಶಕದ ಕೊನೆಯ ಹೊತ್ತಿಗೆ ಒಬ್ಬ ತಾಯಿಗೆ ಸರಾಸರಿ ಎರಡೇ ಮಕ್ಕಳೆಂಬ ಮಟ್ಟಕ್ಕೆ ತಾನಾಗಿ ಬಂತು. ಜನ ತಿಳಿದು ಒಪ್ಪಿದ ಕೆಲಸ ಉಳಿಯುತ್ತದೆ.

ಈಗ ನಮ್ಮ ವಿಷಯಕ್ಕೆ ಬರೋಣ.

ಕ್ಷಯರೋಗಕ್ಕೆ ಒಂದು ಅಂತರರಾಷ್ಟ್ರೀಯ ಗುರುತು ಇದ್ದೇ ಇದೆ. ಎರಡು ಅಡ್ಡಪಟ್ಟಿಯ ಕೆಂಪು ಶಿಲುಬೆ. 1902ರಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಪ್ಯಾರಿಸಿನ ಡಾಕ್ಟರ್ ಸೆರ್ಸಿರೋನ್ ಅದನ್ನು ಸೂಚಿಸಿದರು. ಯುರೋಪಿನವರಿಗೆ ಲೊರೇನ್ ಸೀಮೆಯ ಆ ಶಿಲುಬೆ ಹಳೆಯ ಪರಿಚಯ. ಕುಂದಾಪುರದಿಂದ ಬಂದ ಮಾಣಿಗೆ, ಗುಲ್ಬರ್ಗದಿಂದ ಬಂದ ಕೂಲಿಗೆ ಅದು ಏನು ಹೇಳೀತು? ಡಾಕ್ಟರರ ಕಾಗದದ ಮೇಲೆ ಅದು ಇರಲಿ. ನಮ್ಮ ಅಡಿಗೆಮನೆಯ ಗೋಡೆಗೆ ಬೇರೊಂದು ಬೇಕು.

ಬೇಕು ಎನ್ನಲು ಕಾರಣವಿದೆ. ನಮ್ಮವರಲ್ಲಿ ಕೆಮ್ಮಿಗೆ ಬರಗಾಲವಿಲ್ಲ. ಹೊಗೆಯಲ್ಲಿ ನಿಲ್ಲುವ ಭಟ್ಟರು ‘ಒಲೆಯ ಹೊಗೆ’ ಎನ್ನುತ್ತಾರೆ. ನೂಲಿನ ಕೆಲಸದವರು ‘ಹತ್ತಿಯ ಧೂಳು’ ಎನ್ನುತ್ತಾರೆ. ಹತ್ತಿಯ ಧೂಳಿನಿಂದ ಬರುವ ಎದೆಬಿಗಿತ ನಿಜವೇ. ರಜೆ ಕಳೆದು ಮರಳಿದ ಮೊದಲ ದಿನ ಅದು ಜೋರು ಮಾಡುವುದು ಅದರ ಲಕ್ಷಣ. ಆದರೆ ಎರಡು ವಾರ ಬಿಡದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವು ಕಂಡರೆ ಹೊಗೆಗೋ ಧೂಳಿಗೋ ದೂರು ಹೇಳಿ ಕೂರಬಾರದು, ಕಫ ಪರೀಕ್ಷೆ ಮಾಡಿಸಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಧರ್ಮ, ಔಷಧವೂ ಧರ್ಮ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. 2024ರ ನವೆಂಬರಿನಿಂದ ರೋಗಿಯ ಪೌಷ್ಟಿಕ ಆಹಾರಕ್ಕೆಂದು ಸರಕಾರ ಕೊಡುವ ಹಣವನ್ನು ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿದ್ದಾರೆ. ಇಷ್ಟಿದ್ದೂ ನಮ್ಮ ಹುಡುಗ ಹೋಗುವುದಿಲ್ಲ. ಏಕೆ? ಅವನಿಗೆ ರೋಗದ ಭಯಕ್ಕಿಂತ ಗಲ್ಲಾಪೆಟ್ಟಿಗೆಯ ಹಿಂದಿನ ಧಣಿಗಳ ಭಯ ದೊಡ್ಡದು. ‘ಟಿ.ಬಿ.ಯಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಸಂಜೆಗೆ ಲೆಕ್ಕ ಮುಗಿಸಿ ಊರಿನ ಬಸ್ಸು ಹತ್ತಿಸಿಬಿಡುತ್ತಾರೆ. ಹತ್ತು ಜನ ಮಲಗುವ ಕೋಣೆಯಲ್ಲಿ ಜೊತೆಗಾರರೇ ಅವನ ಚಾಪೆಯನ್ನು ಹೊರಗೆ ಎಸೆಯುತ್ತಾರೆ. ಹಾಗಾಗಿ ಅವನು ಕೆಮ್ಮನ್ನು ನುಂಗಿಕೊಂಡು ದುಡಿಯುತ್ತಾನೆ. ಅದೇ ಕೋಣೆಯಲ್ಲಿ ಮಲಗುತ್ತಾನೆ. ಗಾಳಿಯಿಂದ ರೋಗ ಇನ್ನೊಬ್ಬನಿಗೆ ದಾಟುತ್ತದೆ. ತಟ್ಟೆ ಲೋಟ ಬೇರೆ ಮಾಡಿ ಫಲವಿಲ್ಲ. ಅದು ಗಾಳಿಯಲ್ಲಿ ಹರಡುವ ರೋಗ.

ಇಂತಹ ಕಡೆ ಗುರುತು ಮಾಡುವವನು ಎಚ್ಚರವಾಗಿರಬೇಕು. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಪ್ರತ್ಯೇಕವಾಸದವರ ಕೈಗೆ ಮುದ್ರೆ ಒತ್ತಿದರು. ಎಷ್ಟೋ ಊರುಗಳಲ್ಲಿ ರೋಗಿಯ ಮನೆಬಾಗಿಲಿಗೆ ಚೀಟಿ ಅಂಟಿಸಿದರು. ಚೀಟಿ ಕಂಡ ನೆರೆಯವರು ಹಾಲು ಕೊಡುವವನನ್ನೂ ತಡೆದರು. ಜನ ಪರೀಕ್ಷೆಗೇ ಹೆದರಿದರು. ಅದೇ ವರ್ಷ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಕ್ಷಮ ಅಧಿಕಾರಿಯ ನಿರ್ದಿಷ್ಟ ಆಜ್ಞೆಯಿಲ್ಲದೆ ಇಂತಹ ಚೀಟಿ ಅಂಟಿಸಬೇಕಾಗಿಲ್ಲವೆಂದು ಹೇಳಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಪೋಲಿಯೋ ಹನಿಯದು. 1995ರಲ್ಲಿ ಆರಂಭವಾದ ಆ ಕಾರ್ಯಕ್ರಮದಲ್ಲಿಯೂ ಮಗುವಿನ ಕಿರುಬೆರಳಿನ ಉಗುರಿಗೆ ಶಾಯಿ ಹಚ್ಚುತ್ತಿದ್ದರು. ಆದರೆ ಅದು ‘ರೋಗವಿದೆ’ ಎನ್ನುವ ಕಲೆಯಲ್ಲ. ‘ಹನಿ ಹಾಕಿದೆ’ ಎನ್ನುವ ಹೆಮ್ಮೆ. ಮಕ್ಕಳು ಬೆರಳು ಎತ್ತಿ ತೋರಿಸುತ್ತಿದ್ದರು. 2014ರಲ್ಲಿ ಭಾರತಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಮ್ಮ ಗುರುತು ಚಿಕಿತ್ಸೆಯ ಬಾಗಿಲನ್ನು ತೋರಿಸಬೇಕು, ರೋಗಿಯನ್ನಲ್ಲ. ಎದೆಯ ಗೂಡು, ಎಲುಬು, ತಲೆಬುರುಡೆ, ರಕ್ತದ ಹನಿ ಇಂಥವು ಬೇಡವೇ ಬೇಡ; ಹೆದರಿಸಿದವನ ಮನೆಗೆ ಯಾರೂ ಔಷಧ ಕೇಳಲು ಹೋಗುವುದಿಲ್ಲ. ಒಂದು ಬಾಗಿಲ ಚೌಕಟ್ಟು, ಅದರೊಳಗೆ ಎರಡು ನೇರ ಗೀಟು: ಚೌಕಟ್ಟೆಂದರೆ ಆಸ್ಪತ್ರೆಯ ಬಾಗಿಲು, ಎರಡು ಗೀಟೆಂದರೆ ಎರಡು ವಾರದ ಕೆಮ್ಮು. ಐದು ಗೆರೆಯ ಕೆಲಸ. ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಯಾರು ಬೇಕಾದರೂ ಬರೆಯಬಹುದು. ಬಣ್ಣದ ಹಂಗು ಬೇಡ, ಕೆಲವರ ಕಣ್ಣಿಗೆ ಕೆಂಪು ಹಸಿರುಗಳ ಭೇದ ಕಾಣುವುದಿಲ್ಲ. ತಿಂಡಿಯ ಪೊಟ್ಟಣದ ಮೇಲೆ ಮಾಂಸಾಹಾರಕ್ಕೆ ಇದ್ದ ಕಂದು ಚುಕ್ಕೆಯನ್ನು 2020ರ ನಿಯಮಾವಳಿಯಲ್ಲಿ ಕಂದು ತ್ರಿಕೋನ ಮಾಡಿದ್ದನ್ನು ಹೋಟೆಲಿನವರು ಬಲ್ಲರು. ಆಕಾರವೇ ಬೇರೆಯಾದರೆ ಬಣ್ಣ ಕಾಣದವನಿಗೂ ತಿಳಿಯುತ್ತದೆ. ಇದು ಮೊಬೈಲಿನಲ್ಲಿ ಹಾಡು ನಿಲ್ಲಿಸುವ ಗುರುತಿನ ಹಾಗೆ ಕಾಣುತ್ತದಲ್ಲ ಎಂದು ಹುಡುಗರು ನಗಬಹುದು. ಅದಕ್ಕೇ ಮೊದಲು ನಾಲ್ಕು ಹೋಟೆಲುಗಳಲ್ಲಿ, ಎರಡು ಬಿಡಾರಗಳಲ್ಲಿ ಬರೆದು ನೋಡಿ, ‘ಇದೇನು ಹೇಳು’ ಎಂದು ಕೇಳಬೇಕು. ಕನ್ನಡ ಓದಲು ಬಾರದವರನ್ನು ಮುಖ್ಯವಾಗಿ ಕೇಳಬೇಕು. ಅವರಿಗೆ ತಿಳಿಯದಿದ್ದರೆ ಈ ಗುರುತನ್ನು ಅಳಿಸಿ ಬೇರೆ ಮಾಡೋಣ. ಸಮಿತಿಯವರಿಗೆ ಚೆಂದ ಕಾಣುವುದು ಮುಖ್ಯವಲ್ಲ.

ಕನ್ನಡ ಬಾರದವರನ್ನು ಏಕೆ ಎಂದು ಯಾರಾದರೂ ಕೇಳಿಯಾರು. ಇಂದು ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿ ಅಸ್ಸಾಮಿನವರು, ಒರಿಸ್ಸಾದವರು, ಬಂಗಾಳದವರು ನಮ್ಮವರ ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತಿದ್ದಾರೆ. ಕೇರಳದವರು ಇಂಥವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆದಿದ್ದಾರೆ. 2017ರಲ್ಲಿ ಅವರಿಗಾಗಿ ‘ಆವಾಜ್’ ಎಂಬ ಆರೋಗ್ಯ ವಿಮೆ ತಂದರು. ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರಿನಲ್ಲಿ ಅವರಿಗೆ ಮಲಯಾಳ ಕಲಿಸುವ ತರಗತಿ ಆರಂಭಿಸಿದರು. ಓದುಬರಹಕ್ಕೆ ಹೆಸರಾದ ರಾಜ್ಯದಲ್ಲಿಯೂ ಹಲಗೆಯ ಅಕ್ಷರ ಎಲ್ಲರಿಗೂ ಎಟುಕುವುದಿಲ್ಲ. ನಮ್ಮಲ್ಲಿಯೇ ಬಿ.ಎ. ಮಾಡಿದವನನ್ನು ಕೊಚ್ಚಿಯ ಆಸ್ಪತ್ರೆಯ ಮುಂದೆ ನಿಲ್ಲಿಸಿದರೆ ಅವನೂ ಅಲ್ಲಿಯ ಹಲಗೆ ಓದಲಾರ. ಊರು ಬಿಟ್ಟು ಬಂದವನ ಅನಕ್ಷರತೆ ನಮಗೆಲ್ಲ ಗೊತ್ತಿರುವುದೇ.

ಕಡೆಯ ಮಾತು, ಆದರೆ ಅತಿ ಮುಖ್ಯವಾದದ್ದು. ಕೆಂಪು ತ್ರಿಕೋನದ ಹಿಂದೆ 15 ಪೈಸೆಯ ಪೊಟ್ಟಣವಿದ್ದಾಗ, ತೆರೆದ ಟೌನ್ ಹಾಲ್ ಇದ್ದಾಗ ಜನ ಬಂದರು. ಅದರ ಹಿಂದೆ ಪೊಲೀಸರು ನಿಂತಾಗ ಓಡಿದರು. ನಮ್ಮ ಗುರುತಿನ ಹಿಂದೆ ಏನಿರುತ್ತದೆ? ಮೂರು ಸಂಗತಿಗಳನ್ನು ಮೊದಲು ಸಿದ್ಧಮಾಡದೆ ಒಂದು ಗೋಡೆಯ ಮೇಲೂ ಗೀಟು ಎಳೆಯಬಾರದು. ಒಂದು, ವಾರದ ರಜೆಯ ದಿನ ಕೆಮ್ಮುವವನನ್ನು ಆಸ್ಪತ್ರೆಗೆ ಕರೆದೊಯ್ಯಲು ಸಂಘದ ಇಬ್ಬರು ಕಾರ್ಯಕರ್ತರು ಖಂಡಿತ ಇರಬೇಕು, ಹೆಸರನ್ನು ಗುಟ್ಟಾಗಿಡಬೇಕು. ಎರಡು, ಚಿಕಿತ್ಸೆಗೆ ನಿಂತವನ ಕೆಲಸ ತೆಗೆಯುವುದಿಲ್ಲವೆಂದು ಹೋಟೆಲು ಮಾಲೀಕರಿಂದ ಬರಹದಲ್ಲಿ ಮಾತು ಪಡೆಯಬೇಕು. ಸರಿಯಾದ ಔಷಧ ಆರಂಭಿಸಿದ ಕೆಲವು ವಾರಗಳಲ್ಲಿ ಬಹುತೇಕ ರೋಗಿಗಳಿಂದ ಸೋಂಕು ಹರಡುವ ಸಂಭವ ತೀರ ಇಳಿಯುತ್ತದೆ, ಡಾಕ್ಟರರು ಒಪ್ಪಿದ ಮೇಲೆ ಅವನು ಮರಳಿ ದುಡಿಯಬಹುದು ಎಂಬುದನ್ನು ಅವರಿಗೆ ತಿಳಿಸಿ ಹೇಳಬೇಕು. ಮಾತು ಕೊಟ್ಟ ಹೋಟೆಲಿನ ಗೋಡೆಗೆ ಮಾತ್ರ ನಮ್ಮ ಗುರುತು. ಕೊಡದವರ ಗೋಡೆಗೆ ಇಲ್ಲ. ಮೂರು, ಇ.ಎಸ್.ಐ. ವಂತಿಗೆ ನಿಯಮಿತ ಕಾಲ ಕಟ್ಟಿದವನಿಗೆ ಕ್ಷಯದಂತಹ ದೀರ್ಘ ರೋಗದಲ್ಲಿ ಕೂಲಿಯ ನೂರಕ್ಕೆ 80ರಷ್ಟು ಸಿಗುವ ಸೌಲಭ್ಯವಿದೆ. ಆದರೆ ಧಣಿಗಳು ಹೆಸರನ್ನೇ ನೋಂದಾಯಿಸದಿದ್ದರೆ ಅದು ಎಲ್ಲಿಂದ ಬಂದೀತು? ನಮ್ಮ ಹೋರಾಟ ಅಲ್ಲಿಂದಲೇ ಆರಂಭವಾಗಬೇಕು.

ಈ ಮೂರಕ್ಕೆ ವ್ಯವಸ್ಥೆಯಾದರೆ ಗುರುತು ಸ್ವಲ್ಪ ಸೊಟ್ಟಗಿದ್ದರೂ ಕೆಲಸ ಮಾಡುತ್ತದೆ. ಆಗದಿದ್ದರೆ ಎಂತಹ ಕಲಾವಿದನಿಂದ ಬರೆಯಿಸಿದರೂ ಅದು ಗೋಡೆಯ ಮೇಲಿನ ಗೀಟಾಗಿಯೇ ಉಳಿಯುತ್ತದೆ. ಸಂಘದ ಮುಂದಿನ ಸಭೆಯಲ್ಲಿ ಚಿತ್ರಕಾರನ ಆಯ್ಕೆಗಿಂತ ಮೊದಲು, ರಜೆಯ ದಿನ ಆಸ್ಪತ್ರೆಗೆ ಜೊತೆಯಾಗಿ ಹೋಗುವ ಕಾರ್ಯಕರ್ತರ ಹೆಸರು ಕೇಳಬೇಕೆಂದು ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ.